ಗಡಿಯ ಕೋಟೆ, ದಾರಿಯ ಊರು

ಬಾಲ್ಟಿಕ್ ಸಮುದ್ರದ ಪೂರ್ವ ದಂಡೆಯಲ್ಲಿರುವ ಎಸ್ಟೋನಿಯಾ ಚಿಕ್ಕ ದೇಶ. ಜನಸಂಖ್ಯೆ 13 ಲಕ್ಷಕ್ಕಿಂತ ಸ್ವಲ್ಪ ಹೆಚ್ಚು. ಅದರ ಆಗ್ನೇಯ ಮೂಲೆಯ ವೋರು ಜಿಲ್ಲೆಯಲ್ಲಿ, ರಷ್ಯದ ಗಡಿಗೆ ಹತ್ತಿರವಾಗಿ, ವಾನಾ-ವಸ್ತ್ಸೆಲೀನಾ ಎಂಬ ಹಳ್ಳಿಯಿದೆ. ಪಿಯುಸಾ ನದಿಗೆ ಮೇಕ್ಸಿ ಎಂಬ ಹೊಳೆ ಬಂದು ಸೇರುವ ಕಡೆ ನೆಲ ಮೂಗಿನಂತೆ ಚಾಚಿಕೊಂಡಿದೆ, ಎರಡು ಬದಿಗೂ ಕಡಿದಾದ ಇಳಿಜಾರು. ಆ ದಿಬ್ಬದ ಮೇಲೆ ಹದಿನಾಲ್ಕನೆಯ ಶತಮಾನದ ಒಂದು ಕೋಟೆ ಪಾಳುಬಿದ್ದು ನಿಂತಿದೆ. ಜರ್ಮನ್ನರು ಅದನ್ನು ನೊಯ್‌ಹೌಸೆನ್ ಎಂದು ಕರೆದರು. ಪುಸ್ತಕಗಳಲ್ಲಿ ಈ ಕೋಟೆಯ ಬಗ್ಗೆ ಸಾಮಾನ್ಯವಾಗಿ ಸಿಗುವ ವಿವರಣೆ ಒಂದೇ: ಪಶ್ಚಿಮದ ಕ್ಯಾಥೊಲಿಕ್ ಜಗತ್ತಿಗೂ ಪೂರ್ವದ ಆರ್ಥೊಡಾಕ್ಸ್ ಜಗತ್ತಿಗೂ ನಡುವೆ ಕಟ್ಟಿದ ತಡೆಗೋಡೆ. ಈ ವಿವರಣೆಯಲ್ಲಿ ಅರ್ಧ ಸತ್ಯವಿದೆ. ಆದರೆ ಅದನ್ನೇ ಪೂರ್ತಿ ಸತ್ಯವೆಂದು ನಂಬಿದರೆ ಈ ಊರಿನ ಚರಿತ್ರೆ ನಮ್ಮ ಕೈತಪ್ಪಿ ಹೋಗುತ್ತದೆ. ನನ್ನ ವಾದ ಇಷ್ಟು: ಕೋಟೆ ಇಲ್ಲಿ ಮುಖ್ಯವಾಗಿ ಮಾಡಿದ್ದು ದಾರಿಯನ್ನು ಹಿಡಿದು, ಆ ದಾರಿಗೆ ಜನರನ್ನು ಸೆಳೆದ ಕೆಲಸ. ಎರಡು ಬದಿಯ ಜನರನ್ನು ನಿಜವಾಗಿ ಬೇರೆ ಮಾಡಿದ ಗೋಡೆಯನ್ನು ಕಟ್ಟಿದ್ದು ಧರ್ಮ, ಕಾನೂನು ಮತ್ತು ದಫ್ತರ. ಕೋಟೆ ಬಿದ್ದುಹೋದ ಮೇಲೂ ಆ ಗೋಡೆ ನಿಂತೇ ಇತ್ತು.

ಮೊದಲು ಕೋಟೆ ಹುಟ್ಟಿದ ಸಂದರ್ಭ ನೋಡೋಣ. ಹದಿಮೂರನೆಯ ಶತಮಾನದ ಶಿಲುಬೆ ಯುದ್ಧಗಳ ನಂತರ ಇಂದಿನ ಎಸ್ಟೋನಿಯಾ ಮತ್ತು ಲ್ಯಾಟ್ವಿಯಾಗಳ ನೆಲ, ಅಂದರೆ ಆಗಿನ ಲಿವೋನಿಯಾ, ಹಲವು ಒಡೆಯರ ನಡುವೆ ಹಂಚಿಹೋಗಿತ್ತು. ಉತ್ತರದ ಭಾಗ ಡೆನ್ಮಾರ್ಕಿನ ದೊರೆಯದು. ಉಳಿದ ಲಿವೋನಿಯಾದಲ್ಲಿ ಒಂದಷ್ಟು ನೆಲ ಬಿಷಪ್ಪರುಗಳದು, ಒಂದಷ್ಟು ಲಿವೋನಿಯನ್ ಆರ್ಡರ್ ಎಂಬ ಸಂಘದ್ದು. ಈ ಸಂಘದವರು ಸನ್ಯಾಸದ ವ್ರತ ತೊಟ್ಟು ಕತ್ತಿ ಹಿಡಿದ ಜರ್ಮನ್ ಯೋಧರು. ವಸ್ತ್ಸೆಲೀನಾದ ಸೀಮೆ ತಾರ್ತು ನಗರದ ಬಿಷಪ್ಪರಿಗೆ ಸೇರಿತ್ತು. ಅದರ ಪೂರ್ವಕ್ಕೆ ಪ್ಸ್ಕೋವ್ ನಗರದ ಸೀಮೆ. ಎರಡೂ ಕಡೆಯವರ ನಡುವೆ ಜಗಳ ಹತ್ತಿ ಉರಿಯುತ್ತಿದ್ದಾಗ, 1342ರಲ್ಲಿ, ಸಂಘದ ಮುಖ್ಯಸ್ಥ ಬುರ್ಖಾರ್ಡ್ ಫಾನ್ ಡ್ರೈಲೇಬೆನ್ ಇಲ್ಲಿ ಕೋಟೆ ಎಬ್ಬಿಸಿದ. ಅದೇ ವರ್ಷ ಅವನ ಕಾಲದಲ್ಲೇ ಇನ್ನೊಂದು ಕೋಟೆ ಇಂದಿನ ಲ್ಯಾಟ್ವಿಯಾದ ಅಲೂಕ್ಸ್ನೆಯಲ್ಲಿಯೂ ಎದ್ದಿತು. ಪ್ಸ್ಕೋವಿನ ವೃತ್ತಾಂತಕಾರರು ಇದನ್ನು ದಾಖಲಿಸಿದ್ದು ಆಕ್ಷೇಪಣೆಯಾಗಿ: ಜರ್ಮನ್ನರು ನಮ್ಮ ನೆಲದಲ್ಲಿ ಕೋಟೆ ಕಟ್ಟಿದರು ಎಂದು. ಮರುವರ್ಷವೇ, 1343ರ ಏಪ್ರಿಲ್ 23ರ ರಾತ್ರಿ, ಉತ್ತರದಲ್ಲಿ ಎಸ್ಟೋನಿಯನ್ ರೈತರು ಸೇಂಟ್ ಜಾರ್ಜ್ ಹಬ್ಬದ ದಂಗೆಯೆದ್ದರು. ಅದನ್ನು ಅಡಗಿಸಿದವನೂ ಇದೇ ಡ್ರೈಲೇಬೆನ್. 1346ರಲ್ಲಿ ಡೆನ್ಮಾರ್ಕ್ ತನ್ನ ಪಾಲನ್ನು 19,000 ಬೆಳ್ಳಿಯ ಮಾರ್ಕುಗಳಿಗೆ ಮಾರಿ ಕೈತೊಳೆದುಕೊಂಡಿತು. ಹೊರಗಿನ ಶತ್ರುವಿನಷ್ಟೇ ಒಳಗಿನ ಪ್ರಜೆಯನ್ನೂ ನಂಬಲಾರದ ಆಳ್ವಿಕೆ ಕಟ್ಟಿಸಿದ ಕೋಟೆಯಿದು. ಇದನ್ನು ಮರೆತು ಅದನ್ನು ಬರೀ ಗಡಿರಕ್ಷಣೆಯ ಕೋಟೆ ಎನ್ನುವುದು ಸರಿಯಲ್ಲ.

ಜಾಗದ ಆಯ್ಕೆಯನ್ನು ಗಮನಿಸಿ. ಪಿಯುಸಾ ಎಸ್ಟೋನಿಯಾದ ನದಿಗಳಲ್ಲೆಲ್ಲ ಹೆಚ್ಚು ಇಳಿಜಾರಿನದು. ಹುಟ್ಟಿನಿಂದ ಪ್ಸ್ಕೋವ್ ಸರೋವರ ಸೇರುವಷ್ಟರಲ್ಲಿ 200 ಮೀಟರಿಗೂ ಹೆಚ್ಚು ಇಳಿಯುತ್ತದೆ. ಅದರ ಕಣಿವೆಯಲ್ಲಿ ಡೆವೋನಿಯನ್ ಯುಗದ ಕೆಂಪು ಮರಳುಗಲ್ಲಿನ ಗೋಡೆಗಳಿವೆ. ಹೆರ್ಮಾ ಎಂಬಲ್ಲಿ ಅವು 40 ಮೀಟರಿಗೂ ಎತ್ತರ. ಶತ್ರುವನ್ನು ತಡೆಯುವುದೊಂದೇ ಉದ್ದೇಶವಾಗಿದ್ದರೆ ಇಂಥ ಕಣಿವೆಯಲ್ಲಿ ಪ್ರಕೃತಿಯೇ ಅರ್ಧ ಕೆಲಸ ಮಾಡಿಕೊಟ್ಟಿತ್ತು. ಕಟ್ಟಿದವರು ಬಯಸಿದ್ದು ಬೇರೆ. ತಾರ್ತುವಿನಿಂದಲೂ ರೀಗಾದಿಂದಲೂ ಪ್ಸ್ಕೋವಿಗೆ ಹೋಗುವ ವ್ಯಾಪಾರದ ದಾರಿಗಳು ಈ ಸೀಮೆಯಲ್ಲೇ ಹಾಯುತ್ತಿದ್ದವು. ಪೂರ್ವದಿಂದ ಮೇಣ, ತುಪ್ಪಳ ಚರ್ಮ, ಅಗಸೆ ನಾರು ಬರುತ್ತಿದ್ದವು. ಪಶ್ಚಿಮದಿಂದ ಉಪ್ಪು, ಬಟ್ಟೆ, ಬೆಳ್ಳಿ ಹೋಗುತ್ತಿದ್ದವು. ಗಾಡಿಗಳು ನದಿ ದಾಟುವ ಸೀಮೆಯಲ್ಲಿ ಯಾರು ಕುಳಿತಿರುತ್ತಾರೋ ಅವರಿಗೆ ಸುಂಕ ಸಿಗುತ್ತದೆ, ಸುದ್ದಿ ಸಿಗುತ್ತದೆ, ಯಾರನ್ನು ಬಿಡಬೇಕು ಯಾರನ್ನು ನಿಲ್ಲಿಸಬೇಕು ಎಂಬ ಅಧಿಕಾರ ಸಿಗುತ್ತದೆ. ದಾರಿಯನ್ನು ಮುಚ್ಚಿಬಿಟ್ಟರೆ ಈ ಮೂರೂ ಇಲ್ಲ. ಆದ್ದರಿಂದ ಇಂಥ ಕೋಟೆಗೆ ದಾರಿ ತೆರೆದಿರುವುದೇ ಜೀವನಾಧಾರ.

ಕೋಟೆ ಎದ್ದು ಹನ್ನೊಂದು ವರ್ಷಕ್ಕೆ ಇಲ್ಲಿ ನಡೆಯಿತೆನ್ನಲಾದ ಒಂದು ಘಟನೆ ನನ್ನ ವಾದಕ್ಕೆ ದೊಡ್ಡ ಆಧಾರ. 1353ರಲ್ಲಿ ಕೋಟೆಯ ಪೂಜಾಗೃಹದಿಂದ ಇಂಪಾದ ಸಂಗೀತ ಕೇಳಿಬಂತಂತೆ. ಒಳಗೆ ಹೋಗಿ ನೋಡಿದರೆ ಗೋಡೆಗಿದ್ದ ಬಿಳಿ ಶಿಲುಬೆ ಯಾವ ಆಸರೆಯೂ ಇಲ್ಲದೆ ಪೂಜಾವೇದಿಕೆಯ ಮೇಲೆ ನಿಂತಿತ್ತಂತೆ. ಸುದ್ದಿ ಹರಡಿತು. ರೋಗಿಗಳು, ಕುರುಡರು, ಕಿವುಡರು ಬರತೊಡಗಿದರು, ಗುಣವಾದರೆಂಬ ಮಾತೂ ಹರಡಿತು. ಪೋಪ್ ಆರನೆಯ ಇನೊಸೆಂಟ್ ಈ ಕ್ಷೇತ್ರಕ್ಕೆ ಬಂದು ಹೋಗುವವರಿಗೆ ಪಾಪಪ್ರಾಯಶ್ಚಿತ್ತದಲ್ಲಿ ರಿಯಾಯಿತಿ ಸಾರಿದ. ಗಡಿಯ ಕಾವಲು ಕೋಟೆ ಹೀಗೆ ಯಾತ್ರಾಸ್ಥಳವಾಯಿತು. ಒಬ್ಬ ಸೇನಾಧಿಪತಿಯ ಕಣ್ಣಿನಿಂದ ನೋಡಿದರೆ ಇದು ವಿಚಿತ್ರ. ಶತ್ರುಸೀಮೆಗೆ ಮುಖಮಾಡಿ ನಿಂತ ಕೋಟೆಯ ಒಳಗಿನ ಪೂಜಾಗೃಹಕ್ಕೆ ಗುರುತು ಪರಿಚಯವಿಲ್ಲದ ಯಾತ್ರಿಕರನ್ನು ಗುಂಪುಗುಂಪಾಗಿ ಬಿಟ್ಟುಕೊಳ್ಳುವುದೆಂದರೇನು? ಜನ ಬರುವುದನ್ನೇ ಕೋಟೆ ಬಯಸುತ್ತಿತ್ತು ಎಂದು ಒಪ್ಪಿಕೊಂಡರೆ ಮಾತ್ರ ಇದು ಅರ್ಥವಾಗುತ್ತದೆ.

ಇಲ್ಲಿ ಒಂದು ಆಕ್ಷೇಪಣೆ ಬರುವುದು ಸಹಜ. ಇದೆಲ್ಲ ಪಾದ್ರಿಗಳು ಹಣಕ್ಕಾಗಿ ಹೂಡಿದ ಆಟ, ಇದರಿಂದ ಚರಿತ್ರೆಯ ತೀರ್ಮಾನಕ್ಕೆ ಬರುವುದು ಹೇಗೆ ಎಂದು ಕೇಳಬಹುದು. ಪವಾಡ ನಡೆಯಿತೋ ಇಲ್ಲವೋ ಎಂಬುದು ನನ್ನ ಪ್ರಶ್ನೆಯಲ್ಲ. ಯಾರ ಮನಸ್ಸಿನಲ್ಲಿ ಏನಿತ್ತು ಎಂದು ಆರೂಮುಕ್ಕಾಲು ಶತಮಾನದ ಈಚೆಗೆ ಕುಳಿತು ತೀರ್ಪು ಕೊಡುವುದೂ ನ್ಯಾಯವಲ್ಲ. ಮಹಾಮಾರಿ ಪ್ಲೇಗು ಯುರೋಪನ್ನು ಬಳಿದುಹಾಕಿದ್ದ ಕಾಲ ಅದು. ನಾಳೆ ಬದುಕಿರುತ್ತೇವೆಯೇ ಎಂಬ ಭಯದಲ್ಲಿದ್ದ ಜನರ ನಂಬಿಕೆಯನ್ನು ಹಗುರವಾಗಿ ಆಡಿಕೊಳ್ಳಲು ನನಗಂತೂ ಮನಸ್ಸಿಲ್ಲ. ಪವಾಡದ ಫಲ ಮಾತ್ರ ಕಣ್ಣಿಗೆ ಕಾಣುವಂಥದ್ದು: ಯಾತ್ರಿಕರು ಬಂದರು, ಬಂದವರಿಗೆ ಊಟ ವಸತಿ ಬೇಕಾಯಿತು, ದಿಬ್ಬದ ಸುತ್ತ ಜನವಸತಿಗೆ ಕಾರಣ ಸಿಕ್ಕಿತು. ಆಕ್ಷೇಪಣೆಯಲ್ಲಿ ತೂಕವಿರುವ ಅಂಶ ಇನ್ನೊಂದಿದೆ. ಆರ್ಥೊಡಾಕ್ಸ್ ಸೀಮೆಯ ಹೊಸ್ತಿಲಲ್ಲೇ ಕ್ಯಾಥೊಲಿಕ್ ಪವಾಡವೊಂದು ಸಂಭವಿಸುವುದು ಒಂದು ಘೋಷಣೆಯೂ ಹೌದು: ದೇವರು ನಮ್ಮ ಕಡೆಗಿದ್ದಾನೆ ಎಂಬ ಘೋಷಣೆ. ಅದನ್ನು ನಾನು ಒಪ್ಪುತ್ತೇನೆ. ಆ ಅಂಶ ನನ್ನ ಮಾತಿನ ಎರಡನೆಯ ಭಾಗಕ್ಕೇ ಬಲ ಕೊಡುತ್ತದೆ. ಗೆರೆ ಎಳೆದದ್ದು ಶಿಲುಬೆ, ಕಲ್ಲಿನ ಗೋಡೆಯಲ್ಲ.

ಇನ್ನು ದೊಡ್ಡ ಆಕ್ಷೇಪಣೆಗೆ ಬರೋಣ. ತಡೆಯುವುದು ಮುಖ್ಯವಾಗಿರಲಿಲ್ಲ ಎನ್ನುವುದಾದರೆ ಈ ಕೋಟೆಯನ್ನು ಮುಂದೆ ಅಷ್ಟು ಬಲಪಡಿಸಿದ್ದೇಕೆ? ಮೊದಲ ಚಿಕ್ಕ ಕೋಟೆಯ ಸುತ್ತ ಕಾಲಕ್ರಮದಲ್ಲಿ ಹೊರಾವರಣ ಬಂತು, ಮದ್ದುಗುಂಡಿನ ಯುಗಕ್ಕೆ ತಕ್ಕ ದಪ್ಪ ಗೋಡೆಯ ಫಿರಂಗಿ ಬುರುಜುಗಳು ಬಂದವು. ಇಂದಿಗೂ ಉಳಿದಿರುವ ಬುರುಜಿನ ಹೊರಮೈಯನ್ನು ಹತ್ತಿರದಿಂದ ನೋಡಿದರೆ ಒರಟು ಕಲ್ಲಿನ ನಡುವೆ ಕೆಂಪು ಇಟ್ಟಿಗೆಯಲ್ಲಿ ಮೂಡಿಸಿದ ಕುರುಡು ಗೂಡುಗಳ ಅಲಂಕಾರ ಕಾಣುತ್ತದೆ. ಗುಂಡು ಬಂದು ಬಡಿಯಬೇಕಾದ ಗೋಡೆಗೆ ಅಲಂಕಾರ! ನೋಡುವವರು ಬರುತ್ತಾರೆ ಎಂದು ಗೊತ್ತಿದ್ದವರು ಮಾತ್ರ ಇಂಥ ಶ್ರಮ ತೆಗೆದುಕೊಳ್ಳುತ್ತಾರೆ. ಹಾಗೆಂದು ಯುದ್ಧದ ಪಾತ್ರವನ್ನು ನಾನು ಅಲ್ಲಗಳೆಯುವುದಿಲ್ಲ. ಅದರ ಪರೀಕ್ಷೆ 1558ರಲ್ಲಿ ಬಂತು, ಆ ಪರೀಕ್ಷೆಯ ಫಲಿತಾಂಶವೇ ನನ್ನ ಉತ್ತರ.

1510ರಲ್ಲಿ ಪ್ಸ್ಕೋವ್ ಮಾಸ್ಕೋದ ಕೈಗೆ ಹೋಗಿತ್ತು. ತಾರ್ತು ಬಿಷಪ್ಪರು ತನಗೆ ಹಳೆಯ ಕಪ್ಪ ಬಾಕಿ ಉಳಿಸಿಕೊಂಡಿದ್ದಾರೆಂದು ದೊರೆ ನಾಲ್ಕನೆಯ ಇವಾನ್ ಹಟ ಹಿಡಿದ. 1554ರ ಒಪ್ಪಂದದಲ್ಲಿ ಲಿವೋನಿಯಾದವರು ಒಪ್ಪಿಕೊಂಡರು, ಹಣ ಮಾತ್ರ ಕೊಡಲಿಲ್ಲ. 1558ರ ಜನವರಿಯಲ್ಲಿ ರಷ್ಯನ್ ಸೈನ್ಯ ಗಡಿ ದಾಟಿತು. ಮೇ ತಿಂಗಳಲ್ಲಿ ನಾರ್ವಾ ನಗರ ಬಿತ್ತು. ಆಮೇಲೆ ಪ್ಯೋತರ್ ಶೂಯಿಸ್ಕಿಯ ಸೈನ್ಯ ವಸ್ತ್ಸೆಲೀನಾಕ್ಕೆ ಮುತ್ತಿಗೆ ಹಾಕಿತು. ಒಳಗೆ ಯೋರ್ಗ್ ಫಾನ್ ಯುಕ್ಸ್‌ಕ್ಯೂಲ್ ಎಂಬ ಸರದಾರ, ಅವನ ಕೈಕೆಳಗೆ ಒಂದು ಸಣ್ಣ ಕಾವಲುಪಡೆ, ಜತೆಗೆ ಸುತ್ತಲಿನ ಹಳ್ಳಿಗಳ ರೈತರು. ಫಿರಂಗಿಗಳ ಎದುರು ಅವರು ಹಿಡಿದ ನಿಲುವು ಆ ಯುದ್ಧದ ಅತಿ ಗೌರವದ ಅಧ್ಯಾಯ. ಆದರೆ ಒಂದು ದಿನದ ನಡಿಗೆಯಷ್ಟು ದೂರದಲ್ಲಿ, ಕಿರುಂಪೆ ಕೋಟೆಯ ಬಳಿ, ಸಂಘದ ಮುಖ್ಯಸ್ಥ ಫ್ಯೂರ್‌ಸ್ಟೆನ್‌ಬೆರ್ಗ್ ಸೈನ್ಯ ಇಟ್ಟುಕೊಂಡು ಬೀಡುಬಿಟ್ಟಿದ್ದ. ಅವನು ಸಹಾಯಕ್ಕೆ ಬರಲಿಲ್ಲ. ಜೂನ್ 30ರಂದು ಕೋಟೆ ಶರಣಾಯಿತು, ಫ್ಯೂರ್‌ಸ್ಟೆನ್‌ಬೆರ್ಗ್ ಹಿಂದಕ್ಕೆ ಸರಿದ. ಮೂರು ವಾರದೊಳಗೆ ತಾರ್ತು ನಗರವೇ ಬಾಗಿಲು ತೆರೆಯಿತು, ಬಿಷಪ್ಪನನ್ನು ಸೆರೆಯಾಳಾಗಿ ರಷ್ಯಕ್ಕೆ ಒಯ್ದರು. ಮೂರು ಶತಮಾನಗಳ ಬಿಷಪ್ಪರ ಆಳ್ವಿಕೆ ಅಲ್ಲಿಗೆ ಮುಗಿಯಿತು. ಗಡಿಕೋಟೆ ಮಾಡಬಲ್ಲ ಕೆಲಸ ಒಂದಷ್ಟು ಕಾಲಾವಕಾಶ ಗಳಿಸಿಕೊಡುವುದು. ಗಳಿಸಿದ ಕಾಲವನ್ನು ಬಳಸಿಕೊಳ್ಳುವ ಆಳ್ವಿಕೆ ಹಿಂದೆ ಇಲ್ಲದಿದ್ದರೆ ಗೋಡೆಯ ದಪ್ಪದಿಂದ ಏನೂ ಆಗದು. 1342ರಿಂದ ಲೆಕ್ಕ ಹಾಕಿದರೆ ಇನ್ನೂರು ವರ್ಷಕ್ಕೂ ಮಿಕ್ಕಿ ಕೋಟೆ ದಾರಿಯ ಮೇಲೆ ಕುಳಿತು ಬದುಕಿತು. ನಿಜವಾದ ತಡೆಗೋಡೆಯಾಗಬೇಕಾದ ಬೇಸಿಗೆಯಲ್ಲಿ ಅದು ಒಂಟಿಯಾಯಿತು.

ಆ ವೇಳೆಗಾಗಲೇ ಯಾತ್ರೆಯೂ ನಿಂತಿತ್ತು. 1520ರ ದಶಕದಲ್ಲಿ ಲೂಥರನ ಸುಧಾರಣೆ ಲಿವೋನಿಯಾಕ್ಕೆ ಬಂತು. 1525ರ ಜನವರಿಯಲ್ಲಿ ತಾರ್ತುವಿನ ಚರ್ಚುಗಳಲ್ಲಿ ಮೂರ್ತಿಗಳನ್ನು ಒಡೆದುಹಾಕಿದರು. ಬಿಳಿ ಶಿಲುಬೆಗೆ ಹರಕೆ ಹೊರುವವರು ಇಲ್ಲವಾದರು. 1558ರ ನಂತರದ ಸುಮಾರು ನೂರೈವತ್ತು ವರ್ಷ ಕೋಟೆ ಕೈಯಿಂದ ಕೈಗೆ ಹೋದದ್ದನ್ನು ಬೇಗ ಹೇಳಿ ಮುಗಿಸಬಹುದು: 1582ರ ಒಪ್ಪಂದದಂತೆ ಪೋಲೆಂಡಿಗೆ, 1620ರ ದಶಕದಲ್ಲಿ ಸ್ವೀಡನ್ನಿಗೆ, 1656ರಲ್ಲಿ ಕೆಲಕಾಲ ಮತ್ತೆ ರಷ್ಯಕ್ಕೆ, 1661ರ ಶಾಂತಿಯ ನಂತರ ಮತ್ತೆ ಸ್ವೀಡನ್ನಿಗೆ. 1700ರಲ್ಲಿ ಶುರುವಾದ ಮಹಾ ಉತ್ತರ ಯುದ್ಧದಲ್ಲಿ ಅದು ಹಾಳಾಯಿತು, ಯಾರೂ ಮತ್ತೆ ಕಟ್ಟಲಿಲ್ಲ. ಕಟ್ಟಬೇಕಾದ ಕಾರಣವೂ ಉಳಿದಿರಲಿಲ್ಲ. 1721ರ ನ್ಯುಸ್ಟಾಡ್ ಒಪ್ಪಂದದಿಂದ ಲಿವೋನಿಯಾ ರಷ್ಯನ್ ಸಾಮ್ರಾಜ್ಯದ ಪಾಲಾಯಿತು. ಗಡಿಯ ಎರಡೂ ಬದಿಗೆ ಒಬ್ಬನೇ ಚಕ್ರವರ್ತಿ.

ಕೋಟೆ ಗಡಿಯನ್ನು ಹಿಡಿದಿಟ್ಟಿದ್ದರೆ, ಕೋಟೆಯೂ ಹೋಗಿ ರಾಜ್ಯಗಳ ಗಡಿಯೂ ಹೋದ ಮೇಲೆ ಎರಡು ಬದಿಯ ಹಳ್ಳಿಗಳು ಬೆರೆತುಹೋಗಬೇಕಿತ್ತು. ಎರಡೂ ಬದಿಯಲ್ಲಿದ್ದವರು ಮೂಲತಃ ಒಂದೇ ಬಗೆಯ ಜನ. ಪಶ್ಚಿಮದಲ್ಲಿ ವೋರು ನುಡಿಯಾಡುವ ಎಸ್ಟೋನಿಯನ್ ರೈತರು, ಪೂರ್ವದಲ್ಲಿ ಸೆಟೊ ಜನ. ಅವರ ನುಡಿಗಳು ಅಕ್ಕತಂಗಿಯರಷ್ಟು ಹತ್ತಿರ. ಆದರೂ ಅವರು ಬೆರೆಯಲಿಲ್ಲ. ಪಶ್ಚಿಮದ ಬದಿ ಲಿವ್‌ಲ್ಯಾಂಡ್ ಪ್ರಾಂತಕ್ಕೆ ಸೇರಿತು: ಲೂಥರನ್ ಚರ್ಚು, ಜರ್ಮನ್ ಜಮೀನ್ದಾರರು, ಜರ್ಮನ್ ಕಾಯಿದೆ. ಪೂರ್ವದ ಬದಿ ಪ್ಸ್ಕೋವ್ ಪ್ರಾಂತಕ್ಕೆ ಸೇರಿತು: 1473ರಲ್ಲಿ ಪ್ರತಿಷ್ಠೆಯಾದ ಪೆಟ್ಸೆರಿಯ ಆರ್ಥೊಡಾಕ್ಸ್ ಮಠ, ರಷ್ಯನ್ ಆಡಳಿತ. ಲಿವ್‌ಲ್ಯಾಂಡಿನಲ್ಲಿ ರೈತರ ಜೀತ 1819ರಲ್ಲಿ ರದ್ದಾಯಿತು. ಸಾಮ್ರಾಜ್ಯದ ಉಳಿದ ಭಾಗದ ಜತೆ ಪ್ಸ್ಕೋವ್ ಪ್ರಾಂತದಲ್ಲಿ ಜೀತ ರದ್ದಾದದ್ದು 1861ರಲ್ಲಿ. ಒಂದೇ ಚಕ್ರವರ್ತಿಯ ಪ್ರಜೆಗಳ ನಡುವೆ, ಗಾಡಿಯಲ್ಲಿ ಹೋಗಿಬರುವಷ್ಟು ಅಂತರದಲ್ಲಿ, 42 ವರ್ಷಗಳ ಕಂದರ ಇದು. ಲೂಥರನ್ ಬದಿಯಲ್ಲಿ ಬೈಬಲ್ಲು ಓದಲು ಬರದವರನ್ನು ಪಾದ್ರಿ ಬಿಡುತ್ತಿರಲಿಲ್ಲ, ಹೀಗಾಗಿ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅಲ್ಲಿ ಬಹುತೇಕ ಎಲ್ಲರಿಗೂ ಓದು ಬರುತ್ತಿತ್ತು. ಸೆಟೊ ಬದಿಯಲ್ಲಿ ಪೂಜೆ ನಡೆಯುತ್ತಿದ್ದುದು ಜನರಿಗೆ ತಿಳಿಯದ ಚರ್ಚ್ ಸ್ಲಾವೊನಿಕ್ ಭಾಷೆಯಲ್ಲಿ, ಓದು ಬಲ್ಲವರು ವಿರಳ. ರಷ್ಯನ್ನರು ಇವರನ್ನು ಅರ್ಧ ನಂಬಿಕೆಯವರು ಎಂದು ಕರೆದರು.

ಹೆಸರಿನ ವಿಷಯ ಇನ್ನೂ ಸ್ಪಷ್ಟ. ಲಿವ್‌ಲ್ಯಾಂಡಿನ ರೈತರಿಗೆ ಜೀತ ಬಿಟ್ಟ ಮೇಲೆ, 1820ರ ದಶಕದಲ್ಲಿ, ಮನೆತನದ ಹೆಸರುಗಳನ್ನು ಕೊಟ್ಟು ದಫ್ತರದಲ್ಲಿ ಬರೆದರು. ಸೆಟೊ ಜನರಿಗೆ ಮನೆತನದ ಹೆಸರು ಬಂದದ್ದು 1921ರಲ್ಲಿ, ಎಸ್ಟೋನಿಯಾ ಗಣರಾಜ್ಯದ ಕಾಲದಲ್ಲಿ. ನೂರು ವರ್ಷ ತಡವಾಗಿ ಹೆಸರು ಪಡೆದ ಜನ ನೂರು ವರ್ಷ ಬೇರೆ ಲೋಕದಲ್ಲಿ ಇದ್ದಂತೆಯೇ. ಆ ನೂರು ವರ್ಷ ಅವರ ನಡುವೆ ನಿಂತಿದ್ದ ಕೋಟೆ ಪಾಳುಬಿದ್ದದ್ದು, ಅದರಲ್ಲಿ ಒಬ್ಬ ಕಾವಲುಗಾರನೂ ಇರಲಿಲ್ಲ. ಆ ಬೇರೆತನದಿಂದ ಒಳಿತೂ ಆಯಿತೆಂಬುದನ್ನು ಮರೆಯಬಾರದು. ಓದು ಬಂದ ಬದಿಯಲ್ಲಿ ಹಳೆಯ ಹಾಡುಗಳು ಮಸುಕಾದವು, ಸೆಟೊ ಹೆಂಗಸರ ಬಾಯಲ್ಲಿ ಅವು ಉಳಿದವು. ಯಾಕೊಬ್ ಹುರ್ಟ್ ಎಂಬ ವಿದ್ವಾಂಸ ಸಂಗ್ರಹಿಸಿದ ಸೆಟೊ ಹಾಡುಗಳು 1904ರಿಂದ 1907ರವರೆಗೆ ಮೂರು ದೊಡ್ಡ ಸಂಪುಟಗಳಾಗಿ ಅಚ್ಚಾದವು. ಸೆಟೊ ಲೇಲೊ ಎಂಬ ಆ ಹಾಡುಗಾರಿಕೆಯನ್ನು 2009ರಲ್ಲಿ ಯುನೆಸ್ಕೊ ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ನನ್ನ ವಾದಕ್ಕೆ ಬರಬಹುದಾದ ಮೂರನೆಯ ಆಕ್ಷೇಪಣೆ ಮಿಕ್ಕೆರಡಕ್ಕಿಂತ ಗಂಭೀರವಾದದ್ದು. ಕೋಟೆ ದಾರಿ ಹಿಡಿಯಿತೋ ಗಡಿ ಹಿಡಿಯಿತೋ, ಅದು ಒಡೆಯರ ಮಾತು. ಹಳ್ಳಿಯವರಿಗೆ ಅದರಿಂದ ಬಂದದ್ದು ಬಿಟ್ಟಿ ದುಡಿಮೆ ಮಾತ್ರ, ಅವರ ಚರಿತ್ರೆಯನ್ನು ಕೋಟೆಯ ನೆರಳಿನಲ್ಲಿ ಹೇಳುವುದೇ ತಪ್ಪು ಎಂಬುದು ಆ ಆಕ್ಷೇಪಣೆ. ಇದರಲ್ಲಿ ದೊಡ್ಡ ಸತ್ಯವಿದೆ. ಕಲ್ಲು ಹೊತ್ತವರ, ಸುಣ್ಣ ಸುಟ್ಟವರ, ಕೋಟೆಗೆ ಧಾನ್ಯ ಅಳೆದುಕೊಟ್ಟವರ ಹೆಸರನ್ನು ಯಾವ ಲ್ಯಾಟಿನ್ ಪತ್ರವೂ ಬರೆದಿಡಲಿಲ್ಲ. 1558ರಲ್ಲಿ ಗೋಡೆಯ ಮೇಲೆ ನಿಂತ ರೈತರಲ್ಲಿ ಒಬ್ಬನ ಹೆಸರೂ ಯುಕ್ಸ್‌ಕ್ಯೂಲನ ಹೆಸರಿನ ಪಕ್ಕಕ್ಕೆ ಬರಲಿಲ್ಲ. ಇದು ದೊಡ್ಡ ಅನ್ಯಾಯ. ಆದರೆ ಕೋಟೆಯನ್ನು ಒಡೆಯನ ಮನೆಯೆಂದು ನೋಡುವುದನ್ನು ಬಿಟ್ಟು ದಾರಿಯ ಮೇಲಿನ ನಿಲ್ದಾಣವೆಂದು ನೋಡಿದಾಗಲೇ ಆ ಹೆಸರಿಲ್ಲದವರು ಕಣ್ಣಿಗೆ ಬೀಳುತ್ತಾರೆ: ಯಾತ್ರಿಕನಿಗೆ ರೊಟ್ಟಿ ಮಾರಿದವರು, ಉಪ್ಪಿನ ಗಾಡಿಗೆ ಕುದುರೆ ಕೊಟ್ಟವರು, ನದಿ ದಾಟಿಸಿದವರು. ಒಡೆಯರು ಹೋದರೂ ಊರು ಉಳಿದದ್ದು ಇವರಿಂದ.

ಹಾಗೆ ಉಳಿದದ್ದು ನಿಜವೇ ಎಂದರೆ, ನೆಲವೇ ಸಾಕ್ಷಿ. ಕೋಟೆ ಬಿದ್ದ ಮೇಲೂ ಇಲ್ಲಿ ಜಮೀನ್ದಾರಿ ನಡೆಯಿತು, ಪ್ಸ್ಕೋವಿನ ದಾರಿಯ ಬದಿಗೆ ಪ್ರಯಾಣಿಕರ ತಂಗುಮನೆ ನಡೆಯಿತು. ಪೀರಿ ಎಂಬ ಆ ತಂಗುಮನೆಯ ಕಟ್ಟಡವನ್ನು ಈಗಲೂ ನೋಡಬಹುದು. 1784ರಲ್ಲಿ ಮಹಾರಾಣಿ ಕ್ಯಾಥರೀನಳ ಕಾಲದಲ್ಲಿ ವೋರು ಪಟ್ಟಣ ಹುಟ್ಟಿ ಆಡಳಿತವನ್ನು ತನ್ನ ಕಡೆಗೆ ಎಳೆದುಕೊಂಡಿತು. ಈ ಸೀಮೆಗೆ ಹೆಚ್ಚಿನ ಪೆಟ್ಟು ಕೊಟ್ಟದ್ದು ರೈಲು ಎಂದು ನನಗೆ ತೋರುತ್ತದೆ. 1889ರಲ್ಲಿ ಪ್ಸ್ಕೋವಿನಿಂದ ವಾಲ್ಗಾ ಮಾರ್ಗವಾಗಿ ರೀಗಾಕ್ಕೆ ಹಳಿ ಬಂತು. ಅದು ಪೆಟ್ಸೆರಿಯನ್ನೂ ವೋರುವನ್ನೂ ಮುಟ್ಟಿತು, ಕೋಟೆಯ ದಿಬ್ಬವನ್ನು ದಕ್ಷಿಣಕ್ಕೆ ಬಿಟ್ಟು ಹೋಯಿತು. ಯಾವ ಸೈನ್ಯವೂ ಮಾಡದ ಕೆಲಸವನ್ನು ರೈಲು ಮಾಡಿತು: ದಾರಿಯನ್ನೇ ಬೇರೆಡೆಗೆ ಒಯ್ದಿತು. ಇಂದು ವಸ್ತ್ಸೆಲೀನಾ ಎಂದರೆ ಜನಕ್ಕೆ ನೆನಪಾಗುವುದು ಕೋಟೆಯಿಂದ ಕೆಲವು ಕಿಲೋಮೀಟರ್ ದೂರದ ಪುಟ್ಟ ಪೇಟೆ. ಕೋಟೆಯ ಬುಡದಲ್ಲಿರುವುದು ಹೆಸರಿಗೆ ತಕ್ಕಂತೆ ಹಳೆಯ ವಸ್ತ್ಸೆಲೀನಾ. 2017ರಲ್ಲಿ ಇಡೀ ವಸ್ತ್ಸೆಲೀನಾ ಪಂಚಾಯತಿಯೇ ವೋರು ಪಂಚಾಯತಿಯಲ್ಲಿ ವಿಲೀನವಾಯಿತು.

ಕೊನೆಯದಾಗಿ ಗಡಿಯ ಇಂದಿನ ಸ್ಥಿತಿ. 1920ರ ಫೆಬ್ರವರಿ 2ರ ತಾರ್ತು ಒಪ್ಪಂದದಿಂದ ಪೆಟ್ಸೆರಿ ಸೀಮೆ ಎಸ್ಟೋನಿಯಾಕ್ಕೆ ಸೇರಿತು, ಸೆಟೊ ಜನರೂ ವೋರು ಜನರೂ ಚರಿತ್ರೆಯಲ್ಲಿ ಅಪರೂಪಕ್ಕೆ ಒಂದೇ ದೇಶದವರಾಗಿ, ಒಂದೇ ಕಾನೂನಿನ ಕೆಳಗೆ ಬದುಕಿದರು. 1944ರಲ್ಲಿ ಸೋವಿಯತ್ ಆಡಳಿತ ಆ ಸೀಮೆಯ ಬಹುಭಾಗವನ್ನು ಪ್ಸ್ಕೋವ್ ಪ್ರಾಂತಕ್ಕೆ ಸೇರಿಸಿತು. ಒಂದೇ ಒಕ್ಕೂಟದೊಳಗೆ ಅದು ಹಾಳೆಯ ಮೇಲಿನ ಗೆರೆಯಾಗಿತ್ತು. 1991ರಲ್ಲಿ ಎಸ್ಟೋನಿಯಾ ಮತ್ತೆ ಸ್ವತಂತ್ರವಾದಾಗ ಆ ಹಾಳೆಯ ಗೆರೆಯೇ ಮುಳ್ಳುತಂತಿಯ ಗಡಿಯಾಯಿತು. ಸೆಟೊ ಕುಟುಂಬಗಳಿಗೆ ತಮ್ಮ ಹಿರಿಯರ ಸಮಾಧಿಗೆ ಹೋಗಲು ವೀಸಾ ಬೇಕಾಯಿತು. ಒಂದು ಕೋಟೆಯನ್ನೂ ಕಟ್ಟದೆ, ಒಂದು ಗುಂಡನ್ನೂ ಹಾರಿಸದೆ, ಗುಮಾಸ್ತರ ಲೇಖನಿಯಿಂದಲೇ ಸೆಟೊ ಸೀಮೆ ಎರಡು ತುಂಡಾಯಿತು. ಕಲ್ಲಿನ ಗೋಡೆಗಿಂತ ಕಾಗದದ ಗೋಡೆ ಬಲವಾದದ್ದು ಎಂಬ ನನ್ನ ಮಾತಿಗೆ ಇದಕ್ಕಿಂತ ನೇರವಾದ ಆಧಾರ ಬೇಕಿಲ್ಲ. ತಾಲಿನ್ನಿನಿಂದ ತಾರ್ತು, ವೋರು ಹಾದು ಬರುವ ಹೆದ್ದಾರಿ ಇಂದಿಗೂ ವಸ್ತ್ಸೆಲೀನಾದ ಪಕ್ಕದಲ್ಲೇ ಸಾಗಿ ಲುಹಾಮಾದ ಗಡಿಠಾಣೆಯಲ್ಲಿ ಮುಗಿಯುತ್ತದೆ. ಎಸ್ಟೋನಿಯಾ ಮತ್ತು ರಷ್ಯ 2005ರಲ್ಲಿ ಗಡಿ ಒಪ್ಪಂದಕ್ಕೆ ಸಹಿ ಹಾಕಿದವು, ರಷ್ಯ ತನ್ನ ಸಹಿಯನ್ನು ಹಿಂತೆಗೆದುಕೊಂಡಿತು. 2014ರ ಫೆಬ್ರವರಿಯಲ್ಲಿ ಮತ್ತೆ ಸಹಿಯಾಯಿತು. ಅದು ಇನ್ನೂ ಜಾರಿಗೆ ಬಂದಿಲ್ಲ.